ಹುರಿ ಹೊಸೆಯುತ್ತಾ ಹೂಂಗುಟ್ಟಿದ್ದು

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ನಿನ್ನೆಯವರೆಗೆ ಅದಕ್ಕೆ ಒಂದು ಸಿಂಬೆ ಹುರಿ ನೇತಾಡುತ್ತಿತ್ತು. ಇವತ್ತು ಮೊಳೆ ಖಾಲಿ. ಬೆಳಗಿನಿಂದ ನಾನು ಆ ಖಾಲಿ ಮೊಳೆಯನ್ನು ನೋಡುತ್ತಾ ಒಬ್ಬನೇ ನಗುತ್ತಾ ಕೂತಿದ್ದೇನೆ. ಸೊಸೆ ಕೆಂಪಮ್ಮ ಎರಡು ಸಲ ಬಂದು ಇಣುಕಿ, "ಮಾವ, ಬಿಸಿಲು ಗಿಸಿಲು ತಾಗ್ತೇನು?" ಎಂದು ಕೇಳಿ ಹೋದಳು. ತಾಗಿರುವುದು ಬಿಸಿಲಲ್ಲ, ಸಂತೋಷ. ಈ ವಯಸ್ಸಿನಲ್ಲಿ ಅದೂ ಬಿಸಿಲಿನ ಹಾಗೆಯೇ ನೆತ್ತಿಗೆ ಏರುತ್ತದೆ. ಯಾಕೆ ಸಂತೋಷ ಎಂದು ಮೊದಲೇ ಹೇಳಿಬಿಟ್ಟರೆ ನೀವು ಎದ್ದು ಹೋಗುತ್ತೀರಿ. ಆದ್ದರಿಂದ ಮೊದಲು ಹುರಿಯ ವಿಷಯ ಹೇಳುತ್ತೇನೆ.

ಅದು ಕತ್ತಾಳೆ ನಾರಿನ ಹುರಿ. ನಾನೇ ಹೊಸೆದದ್ದು, ಆದರೆ ನಾನು ಹೊಸೆದದ್ದು ಎಂದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಒಂದು ಗೇಣು ನುಣ್ಣಗೆ ಹೋಗುತ್ತದೆ, ಆಮೇಲೆ ಒಂದು ಉಬ್ಬು. ಮತ್ತೆ ನುಣುಪು, ಮತ್ತೆ ಉಬ್ಬು. ಹಾವು ಇಲಿಗಳನ್ನು ಸಾಲಾಗಿ ನುಂಗಿ ಮಲಗಿದಂತೆ. ಮನೆಗೆ ಬಂದವರು ಮೊದಲು ಆ ಹುರಿಯನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು, ಆಮೇಲೆ ಏನೂ ಕೇಳದೆ ಕಾಫಿ ಕುಡಿಯುತ್ತಿದ್ದರು. ನಮ್ಮೂರು ಕೆಂಗೇರಿಯಲ್ಲಿ ನಾನು ಹೊಸೆದ ಕಣ್ಣಿಯಲ್ಲಿ ಕಟ್ಟಿದ ದನ ಎಳೆದಾಡುವುದನ್ನೇ ಮರೆಯುತ್ತಿತ್ತು ಎಂದರೆ ಯಾರು ನಂಬಬೇಕು?

ಹೋದ ಹಬ್ಬಕ್ಕೆ ಸುಣ್ಣ ಹೊಡೆಸುವಾಗ ಕೆಂಪಮ್ಮ ಅದನ್ನು ತೆಗೆಯಲು ಹೊರಟಿದ್ದಳು.

"ಮಾವ, ಇದನ್ನ ಯಾರಿಗಾದ್ರೂ ಕೊಡ್ಲಾ? ಮನೇಲಿ ಹಸು ಇಲ್ಲ, ಬಾವಿ ಇಲ್ಲ. ಆ ಮೊಳೆಗೆ ಕ್ಯಾಲೆಂಡರಾದ್ರೂ ಹಾಕ್ಬೋದು."

"ಬೇಡ ಕಣಮ್ಮ, ಅದು ಹುರಿಯಲ್ಲ."

"ಮತ್ತೇನು ಮಾವ?"

"ಫಿಸಿಕ್ಸು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಸುಣ್ಣ ಹೊಡೆಯುವವನು ಆ ಹುರಿಯ ಸುತ್ತ ಜಾಗ ಬಿಟ್ಟು ಹೊಡೆದ.

ನನ್ನ ಓದು ಎಷ್ಟು ಎಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಕೆಂಗೇರಿಯ ಕೂಲಿಮಠದಲ್ಲಿ ಅಕ್ಷರ, ಕಾಗುಣಿತ, ಮಗ್ಗಿ ಕಲಿತೆ. ಹಾಗೂ ಹೀಗೂ ಒಂದು ಪುಸ್ತಕ ಮುಗಿಸುವ ಹೊತ್ತಿಗೆ ನಮ್ಮಪ್ಪ ಬಂದು, "ಇಷ್ಟು ಸಾಕು, ರಾಗಿ ಹೊಲಕ್ಕೆ ಇದಕ್ಕಿಂತ ಜಾಸ್ತಿ ಬೇಡ" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಆ ಮಠದಲ್ಲಿ ಓದುವುದು ಎಂದರೆ ಕಿರುಚುವುದು. ನಮ್ಮ ಅಯ್ಯನವರಿಗೆ ಊಟವಾದ ಮೇಲೆ ಕಂಬಕ್ಕೆ ಒರಗಿ ನಿದ್ದೆ ಮಾಡುವ ಪದ್ಧತಿ. ನಾವು ಮಗ್ಗಿ ಕೂಗುತ್ತಿರುವವರೆಗೂ ಅವರಿಗೆ ಸುಖನಿದ್ದೆ. ನಮ್ಮ ದನಿ ಸ್ವಲ್ಪ ಇಳಿಯಿತೋ, ಥಟ್ಟನೆ ಎಚ್ಚರವಾಗಿ ಬೆತ್ತ ಹುಡುಕುವರು. ಹೀಗಾಗಿ ಓದು ಕಿವಿಗೆ ಬೀಳಬೇಕು, ಬೀಳದಿದ್ದರೆ ಅದು ಓದಲ್ಲ ಎಂಬುದು ನನ್ನ ಮೈಗೆ ಹತ್ತಿಹೋಗಿತ್ತು. ಮಗ್ಗಿಯಂತೂ ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ನಡುವಿನಿಂದ ಹೇಳು ಎಂದರೆ ಮಾತ್ರ ಆಗುವುದಿಲ್ಲ, ಒಂದರಿಂದ ಹೊರಡಬೇಕು.

ನನ್ನ ಮಗ ರಾಮಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನಾವು ಕೆಂಗೇರಿಯ ಮನೆ ಹೊಲವನ್ನು ನನ್ನ ತಮ್ಮನಿಗೆ ಒಪ್ಪಿಸಿ ರಾಜಾಜಿನಗರಕ್ಕೆ ಬಂದೆವು. ಆಗ ಇಲ್ಲಿ ಮನೆಗಳಿಗಿಂತ ಸೈಟಿಗೆ ನೆಟ್ಟ ಕಲ್ಲುಗಳೇ ಹೆಚ್ಚು. ಗಾಳಿ ಎಂದರೆ ಗಾಳಿ. ಒಣಹಾಕಿದ ಪಂಚೆ ಹಾರಿ ಹೋಗಿ ಆಚೆ ಬೀದಿಯಲ್ಲಿ ಸಿಗುತ್ತಿತ್ತು. ಕೊಳಾಯಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ. ನನಗೆ ಮಾಡಲು ಕೆಲಸವೇ ಇಲ್ಲ. ಕೈ ಸುಮ್ಮನೆ ಕೂರುವುದಿಲ್ಲವಲ್ಲ, ಖಾಲಿ ಸೈಟುಗಳ ಬದಿಯಲ್ಲಿದ್ದ ಕತ್ತಾಳೆ ಪಟ್ಟೆಗಳನ್ನು ಕಡಿದು ತಂದು, ಹಿತ್ತಲ ತೊಟ್ಟಿಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯತೊಡಗಿದೆ. ಕತ್ತಾಳೆ ಕೊಳೆತ ವಾಸನೆ ಗೊತ್ತಿರುವವರಿಗೆ ಗೊತ್ತು. ಪಕ್ಕದ ಮನೆಯ ಶಿವಗಂಗಮ್ಮ, ದಾವಣಗೆರೆ ಕಡೆಯವರು, ಕಾಂಪೌಂಡಿನ ಮೇಲಿಂದ ಮೂಗಿಗೆ ಸೆರಗು ಹಿಡಿದು, "ಗೌಡ್ರ, ಊರು ಬಿಟ್ಟು ಬಂದ್ರಿ ಖರೆ, ಊರಿನ ವಾಸನಿನೂ ಗಾಡಿ ಮ್ಯಾಲ ಹೇರ್ಕೊಂಡು ಬಂದೀರಿ ನೋಡ್ರಿ" ಎಂದಿದ್ದರು. ಆಕೆಯ ಬಾಯಿ ಹಾಗೆ. ಮರುದಿನ ಆಕೆಯೇ ಬಂದು ಬಟ್ಟೆ ಒಣಹಾಕಲು ಒಂದು ಹಗ್ಗ ಕೇಳಿಕೊಂಡು ಹೋದರು.

ಇರಲಿ. ರಾಮಣ್ಣನ ಒಬ್ಬಳೇ ಮಗಳು ರತ್ನ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು, ಗಂಡು ಹೆಣ್ಣು ಎರಡೂ ಸೇರಿಸಿ. ಇಂಟರ್‌ಮೀಡಿಯೇಟಿನಲ್ಲಿ ಸೈನ್ಸು ತೆಗೆದುಕೊಂಡಳು. ಹೈಸ್ಕೂಲಿನಲ್ಲಿ ಒಬ್ಬ ಟೀಚರು ಗಾಜಿನ ಕೊಳವೆಯಲ್ಲಿ ಏನೋ ಬಣ್ಣ ಬದಲಾಯಿಸಿ ತೋರಿಸಿದ್ದರಂತೆ. ಅವತ್ತಿನಿಂದ ತಾನೂ ಹಾಗೆ ನಿಂತು ತೋರಿಸುವ ಟೀಚರಾಗಬೇಕು ಎಂದು ಅವಳ ಆಸೆ. ಪರೀಕ್ಷೆ ಹತ್ತಿರ ಬಂದಾಗ ನಾನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಹುರಿ ಹೊಸೆಯುತ್ತಾ ಕೂತಿದ್ದರೆ, ಒಳಗಿನಿಂದ ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು ಕೇಳುತ್ತಿತ್ತು. ಕೂಲಿಮಠದ ನೆನಪಾಗಿ ನನಗೆ ಮೈ ಉಬ್ಬುತ್ತಿತ್ತು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರೆ, "ನಮ್ಮ ಮೊಮ್ಮಗಳು, ಕಾಲೇಜು" ಎಂದು ಕೇಳದಿದ್ದರೂ ಹೇಳುತ್ತಿದ್ದೆ. ಒಂದು ಅಕ್ಷರ ತಿಳಿಯುತ್ತಿರಲಿಲ್ಲ, ಆದರೆ ದನಿ ಎಲ್ಲೂ ಇಳಿಯುತ್ತಿರಲಿಲ್ಲ. ಇನ್ನೇನು ಬೇಕು?

ಫಿಸಿಕ್ಸಿನಲ್ಲಿ ಫೇಲಾದಳು.

ಅವಳು ಅಳಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟಲು ಶುರುಮಾಡಿದಳು. ಹಿಂದೆ ಎಂದೂ ಒಲೆಯ ಕಡೆ ತಲೆ ಹಾಕದ ಹುಡುಗಿ ದಿನವೂ ರೊಟ್ಟಿ ತಟ್ಟತೊಡಗಿದಳು. ಅದನ್ನು ನೋಡುವುದು ಅಳುವುದನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ರಾಮಣ್ಣ ಮೆಲ್ಲಗೆ ಹೇಳಿದ.

"ಸೆಪ್ಟೆಂಬರಲ್ಲಿ ಇನ್ನೊಂದ್ ಸಲ ಕೂತ್ಕೊಳ್ಳೋಕೆ ಬಿಡ್ತಾರೆ. ಕೂತ್ಕೊಳ್ಳಮ್ಮ. ಆಗ್ಲಿಲ್ಲ ಅಂದ್ರೆ ಅಲ್ಲಿಗೆ ಬಿಟ್ಬಿಡೋಣ."

"ಬಿಟ್ಬಿಡೋಣ ಅಂದ್ರೆ?" ಎಂದು ನಾನು ಕೇಳಿದೆ.

"ಅಪ್ಪ, ನಂಗೇನು ಓದ್ಸೋಕೆ ಬೇಜಾರಿಲ್ಲ. ಎರಡನೇ ಸಲ ಫೇಲಾದ ಮಗು ಮುಖ ನೋಡೋಕೆ ನನ್ ಕೈಲಾಗಲ್ಲ. ಅಷ್ಟೇ."

ರತ್ನ ತಲೆಯೆತ್ತದೆ, "ಆಯ್ತಪ್ಪ" ಎಂದಳು. ಆ 'ಆಯ್ತು' ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ, ಪರೀಕ್ಷೆಗೋ, ಬಿಟ್ಟುಬಿಡುವುದಕ್ಕೋ.

ಆಮೇಲಿನ ದಿನಗಳಲ್ಲಿ ಅವಳು ಸಾಯಂಕಾಲ ನನ್ನ ಪಕ್ಕ ಕಟ್ಟೆಯ ಮೇಲೆ ಬಂದು ಕೂರತೊಡಗಿದಳು. ತೊಡೆಯ ಮೇಲೆ ಪುಸ್ತಕ. ಆದರೆ ಬಾಯಿ ಮುಚ್ಚಿ. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಹುಡುಗಿ ಮನಸ್ಸು ಬಿಟ್ಟಳು, ನಮ್ಮ ಸಮಾಧಾನಕ್ಕೆ ಪುಸ್ತಕ ಹಿಡಿದುಕೊಂಡಿದ್ದಾಳೆ ಎಂದುಕೊಂಡೆ.

"ರತ್ನ, ಓದ್ಕೊಳ್ಳೇ."

"ಓದ್ತಾ ಇದೀನಲ್ಲ ತಾತ."

"ಎಲ್ಲಿ? ಕೇಳಿಸ್ತಾನೇ ಇಲ್ಲ."

"ಮನಸಲ್ಲಿ ಓದ್ತಾ ಇದೀನಿ."

"ಮನಸಲ್ಲಿ ಊಟ ಮಾಡಿದ್ರೆ ಹೊಟ್ಟೆ ತುಂಬುತ್ತೇನೇ?"

ಅವಳು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು. "ತಾತ, ಹೋದ್ಸಲ ಗಟ್ಟಿಯಾಗೇ ಓದಿದ್ನಲ್ಲ, ಏನಾಯ್ತು? ಉರು ಹೊಡೆದಿದ್ದೇ ಪ್ರಶ್ನೆ ಬಂದಿತ್ತು. ಮೊದಲನೇ ಪದ ನೆನಪಾಗ್ಲಿಲ್ಲ. ಅದು ಬರ್ದೇ ಹೋದ್ರೆ ಆಮೇಲಿಂದು ಯಾವ್ದೂ ಬರಲ್ಲ. ಸುಮ್ನೆ ಕೂತಿದ್ದು ಎದ್ದು ಬಂದೆ."

ನನಗೆ ನನ್ನ ಮಗ್ಗಿ ನೆನಪಾಯಿತು. ಒಂದರಿಂದ ಹೊರಡಬೇಕು, ನಡುವಿನಿಂದ ಬಾರದು. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಸರಿ, ಮನಸಲ್ಲಿ ಏನು ಓದ್ದೆ ಅಂತ ನಂಗೆ ಹೇಳು ನೋಡೋಣ. ಆಗ ಒಪ್ಕೋತೀನಿ" ಎಂದೆ.

"ನಿಂಗೆ ಇಂಗ್ಲಿಷ್ ಬರಲ್ವಲ್ಲ ತಾತ."

"ನಿಂಗೆ ಕನ್ನಡ ಬರುತ್ತಲ್ಲ."

ಅವಳು ಬಾಯಿ ತೆರೆದಳು. ಮುಚ್ಚಿದಳು. ಪುಸ್ತಕ ತೆರೆದು ನೋಡಿದಳು. ಮತ್ತೆ ಮುಚ್ಚಿದಳು. ಆಮೇಲೆ ಬಹಳ ನಿಧಾನವಾಗಿ, ಬಾವಿಯಿಂದ ಭಾರದ ಕೊಡ ಸೇದಿದಂತೆ, "ಶಬ್ದ ಇದೆಯಲ್ಲ ತಾತ, ಅದು ಗಾಳೀಲಿ ನಡ್ಕೊಂಡು ಬರುತ್ತೆ" ಎಂದಳು.

ನಾನು "ಹೂಂ" ಎಂದೆ.

ಇಲ್ಲಿ ಹೂಂ ಎಂಬುದರ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮಜ್ಜಿ ಕೆಂಗೇರಿಯ ಮನೆಯ ಪಡಸಾಲೆಯಲ್ಲಿ ಕಥೆ ಹೇಳುತ್ತಿದ್ದಳು. ಹೂಂಗುಟ್ಟುವವರು ಇಲ್ಲದೆ ಅವಳ ಬಾಯಿಂದ ಕಥೆ ಹೊರಡುತ್ತಿರಲಿಲ್ಲ. ಒಂದೊಂದು ಮಾತಿಗೂ ಮಕ್ಕಳಲ್ಲಿ ಒಬ್ಬರು "ಹೂಂ" ಅನ್ನಬೇಕು. ನಾನೊಬ್ಬ ಹೂಂಗುಟ್ಟುವುದರಲ್ಲಿ ಹೆಸರುವಾಸಿ. ಆದರೆ ಅಜ್ಜಿ ಭಾರಿ ಗಟ್ಟಿಗಿತ್ತಿ. ಹೂಂ ನಿಜವೋ ಸುಳ್ಳೋ ನೋಡಲು ನಡುವೆ ಒಂದು ಕಲ್ಲು ಹಾಕುವಳು: "ಆಮೇಲೆ ರಾಜನ ಬೆನ್ನ ಮೇಲೆ ಕೂತು ಕುದುರೆ ಬೇಟೆಗೆ ಹೋಯ್ತು." ಅದಕ್ಕೂ ಹೂಂ ಅಂದೆವೋ, ಅವತ್ತಿನ ಕಥೆ ಅಲ್ಲಿಗೇ ನಿಂತಿತು. "ನಿನ್ನ ಹೂಂಗೆ ನನ್ನ ಕಥೆ ದಂಡ" ಎಂದು ಮಗ್ಗುಲಾಗುವಳು. ರಾಜಕುಮಾರಿ ರಾಕ್ಷಸನ ಮನೆಯಲ್ಲಿರುವಾಗಲೇ ಕಥೆ ನಿಂತು, ಮಿಕ್ಕ ಮಕ್ಕಳೆಲ್ಲ ನನಗೆ ಗುದ್ದಿದ್ದುಂಟು. ಆ ರಾಜಕುಮಾರಿಯರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ.

ಈ ಕಥೆಯನ್ನು ನಾನು ರತ್ನನಿಗೆ ಹೇಳಿದ್ದೇ ತಪ್ಪಾಯಿತು. ಮರುದಿನ ಅವಳು ಪಾಠ ಹೇಳುತ್ತಿದ್ದಾಳೆ, ನಾನು ತೊಡೆಯ ಮೇಲೆ ಎಳೆ ಉಜ್ಜುತ್ತಾ ಹೂಂ, ಹೂಂ ಎಂದು ಸರಾಗವಾಗಿ ಹೋಗುತ್ತಿದ್ದೇನೆ.

"ನೀರು ಬಿಸಿಯಾದ್ರೆ ಹಬೆಯಾಗುತ್ತೆ."

"ಹೂಂ."

"ತಣ್ಣಗಾದ್ರೆ ಮಂಜುಗಡ್ಡೆಯಾಗುತ್ತೆ."

"ಹೂಂ."

"ಮಂಜುಗಡ್ಡೆ ಜಾಸ್ತಿ ತಣ್ಣಗಾದ್ರೆ ಕುದಿಯುತ್ತೆ."

"ಹೂಂ."

ಅವಳು ಪುಸ್ತಕ ಮುಚ್ಚಿದಳು. "ನಿನ್ನ ಹೂಂಗೆ ನನ್ನ ಪಾಠ ದಂಡ ತಾತ." ಒಳಗಿನಿಂದ ಕೆಂಪಮ್ಮ ನಕ್ಕಳು. ಫೇಲಾದ ಮೇಲೆ ನಮ್ಮ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು, ಅದಕ್ಕೇ ನನಗೆ ಅವಮಾನವೆನಿಸಲಿಲ್ಲ. ಆದರೆ ರತ್ನ ನಗಲಿಲ್ಲ. "ತಾತ, ಸುಳ್ಳು ಹೂಂ ಬೇಡ. ನಿಂಗೆ ತಿಳೀಲಿಲ್ಲ ಅಂದ್ರೆ ನಂಗೂ ತಿಳೀಲಿಲ್ಲ ಅಂತ. ನೀನು ಹೂಂ ಅಂದ್ಬಿಟ್ರೆ ನಾನು ಮುಂದಕ್ಕೆ ಹೋಗ್ಬಿಡ್ತೀನಿ, ಆಮೇಲೆ ಅಲ್ಲಿ ಹೋಗಿ ಬೀಳ್ತೀನಿ" ಎಂದಳು. ಅಲ್ಲಿ ಎಂದರೆ ಪರೀಕ್ಷೆಯ ಹಾಲಿನಲ್ಲಿ. ಅವತ್ತಿನಿಂದ ನನ್ನ ಹೂಂಗೆ ಒಂದು ಭಾರ ಬಂತು. ಇಷ್ಟು ವರ್ಷ ಬಿಟ್ಟಿಯಾಗಿ ಹಂಚಿದವನು ಇನ್ನು ನೋಡಿ ನೋಡಿ ಕೊಡತೊಡಗಿದೆ.

ಎಲ್ಲಾ ಪಾಠವೂ ಕಷ್ಟವಿರಲಿಲ್ಲ. ಬೆಳಕು ಬೇಗ ಬರುತ್ತದೆ, ಶಬ್ದ ನಿಧಾನ ಎಂದು ಅವಳು ಹೇಳಿದಾಗ ನಾನು ಮೊದಲು ಹೂಂ ಅನ್ನಲಿಲ್ಲ. ಅವಳು ಯೋಚಿಸಿ, "ಕೆಂಗೇರಿ ಹೊಳೇಲಿ ಆಚೆ ದಡದಲ್ಲಿ ಬಟ್ಟೆ ಒಗೆಯೋರನ್ನ ನೋಡಿಲ್ವಾ ತಾತ? ಬಟ್ಟೆ ಕಲ್ಲಿಗೆ ಬಿದ್ದಿದ್ದು ಮೊದ್ಲು ಕಾಣ್ಸುತ್ತೆ, ಸದ್ದು ಆಮೇಲೆ ಬರುತ್ತೆ" ಎಂದಳು. ಹುಟ್ಟಿದಾಗಿನಿಂದ ನೋಡಿದ್ದೆ. ಬಟ್ಟೆ ಮೇಲೆತ್ತಿದ ಹೊತ್ತಿಗೆ ಧಪ್ ಎಂದು ಕೇಳುತ್ತಿತ್ತು. ಅದು ಹಾಗೇಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವತ್ತು ನಾನು ಹಾಕಿದ ಹೂಂ ಬೀದಿಯ ಕೊನೆಗೆ ಕೇಳಿಸಿರಬೇಕು. ಮಣ್ಣಿನ ಮಡಕೆಯ ನೀರು ಯಾಕೆ ತಂಪು, ಬಿಸಿಲಲ್ಲಿ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಯಾಕೆ ಸಡಿಲವಾಗುತ್ತದೆ, ಬಾವಿಯ ರಾಟೆಯಲ್ಲಿ ಸೇದುವುದು ಯಾಕೆ ಹಗುರ, ಒಂದೊಂದಾಗಿ ಬಂದವು. ನಾನು ಬದುಕಿದ ಬದುಕೆಲ್ಲಾ ಆ ಇಂಗ್ಲಿಷು ಪುಸ್ತಕದೊಳಗೆ ಕೂತಿತ್ತು, ನನಗೇ ತಿಳಿದಿರಲಿಲ್ಲ. ಅವಳು ಹೊರಗೆ ತೆಗೆದು ತೋರಿಸುತ್ತಿದ್ದಳು.

ಈಗ ಹುರಿಗೆ ಬರುತ್ತೇನೆ. ಪಾಠ ತಿಳಿಯುತ್ತಿದ್ದರೆ ನನ್ನ ಕೈ ತಾನಾಗಿ ಓಡುತ್ತಿತ್ತು, ಹುರಿ ನುಣ್ಣಗೆ ಬರುತ್ತಿತ್ತು. ತಿಳಿಯದಿದ್ದರೆ ಹೂಂ ನಿಲ್ಲುತ್ತಿತ್ತು, ಜೊತೆಗೆ ಕೈಯೂ ನಿಲ್ಲುತ್ತಿತ್ತು. ನಿಂತ ಕೈ ಸುಮ್ಮನಿರದೆ ಅಲ್ಲೇ ಇನ್ನೊಂದು ನಾರು, ಮತ್ತೊಂದು ನಾರು ಎಂದು ಸೇರಿಸಿ ತಿರುಚುತ್ತಿತ್ತು. ಅಲ್ಲೊಂದು ಉಬ್ಬು. ಹೀಗೆ ಆ ಹುರಿಯಲ್ಲಿ ಇರುವ ಉಬ್ಬುಗಳೆಲ್ಲಾ ನಮ್ಮಿಬ್ಬರಿಗೂ ತಿಳಿಯದ ಪಾಠಗಳು.

ಎಲ್ಲಕ್ಕಿಂತ ದೊಡ್ಡ ಉಬ್ಬು ಒಂದಿದೆ, ನಿಂಬೆಹಣ್ಣಿನ ಗಾತ್ರದ್ದು. ಅದರ ಹೆಸರು ಲೇಟೆಂಟ್ ಹೀಟು.

"ನೀರು ಕಾಯಿಸ್ತಾ ಹೋದ್ರೆ ಬಿಸಿ ಏರ್ತಾ ಹೋಗುತ್ತೆ ತಾತ. ಕುದಿಯೋಕೆ ಶುರುವಾದ್ಮೇಲೆ ಎಷ್ಟು ಸೌದೆ ಹಾಕಿದ್ರೂ ಬಿಸಿ ಏರಲ್ಲ. ಅಷ್ಟರಲ್ಲೇ ನಿಲ್ಲುತ್ತೆ."

ನಾನು ಹೂಂ ಅನ್ನಲಿಲ್ಲ. "ಸೌದೆ ಉರೀತಾ ಇದೆ ತಾನೆ?"

"ಉರೀತಾ ಇದೆ."

"ಪಾತ್ರೆಗೆ ಶಾಖ ಹೋಗ್ತಾ ಇದೆ ತಾನೆ?"

"ಹೋಗ್ತಾ ಇದೆ."

"ಮತ್ತೆ ಆ ಶಾಖ ಎಲ್ಲಿಗೆ ಹೋಯ್ತೇ?"

ಅವಳು ಪುಸ್ತಕದ ಇಂಗ್ಲಿಷು ಸಾಲು ಹೇಳಿದಳು. ಅದು ಅವಳಿಗೆ ಬಾಯಿಗೆ ಬರುತ್ತಿತ್ತು. "ಅದನ್ನ ಹಂಗೇ ಬರೆದ್ರೆ ಮಾರ್ಕ್ಸ್ ಕೊಡ್ತಾರೆ ತಾತ, ಹೂಂ ಅಂದ್ಬಿಡು" ಎಂದಳು. ಹೋದ ಸಲವೂ ಇಂಥದೇ ಸಾಲಿನ ಮೊದಲ ಪದ ತಾನೇ ಕೈಕೊಟ್ಟದ್ದು? ನಾನು ತಲೆಯಾಡಿಸಿದೆ. ಅವಳಿಗೆ ಸಿಟ್ಟು ಬಂತು. "ನೀನು ಬೇಕು ಅಂತಲೇ ಮಾಡ್ತೀಯ" ಎಂದು ಎದ್ದು ಹೋದಳು. ಮರುದಿನವೂ ಅದೇ ಆಯಿತು. ಕಾಂಪೌಂಡಿನ ಆಚೆಯಿಂದ ಶಿವಗಂಗಮ್ಮ, "ಏನ್ರೀ ಗೌಡ್ರ, ಪರೀಕ್ಷೆ ಹುಡುಗಿಗೋ ನಿಮಗೋ? ಆಕಿ ಓದ್ಕೊಳ್ಳಾಕ ಬಿಡ್ರಿ. ಮೂರು ಹೊತ್ತೂ ನಿಮಗ ಕಥಿ ಹೇಳಿಕೋತ ಕುಂತ್ರ ಪಾಸ್ ಆಗೂದು ಯಾವಾಗ?" ಎಂದರು. ಆ ಮಾತು ನನ್ನನ್ನು ಕುಟುಕಿತು. ಸೆಪ್ಟೆಂಬರು ಹತ್ತಿರ ಬರುತ್ತಿತ್ತು. ನನ್ನ ಮೊಂಡುತನದಿಂದ ಹುಡುಗಿಯ ಹೊತ್ತು ಹಾಳಾಗುತ್ತಿದೆಯೇನೋ, ಒಂದು ಹೂಂ ಕೊಟ್ಟು ಕಳಿಸಿಬಿಡಲೇ ಎಂದು ನಿಜವಾಗಿಯೂ ಅನ್ನಿಸಿತು. ಹೂಂ ತುಟಿಯವರೆಗೆ ಬಂದಿತ್ತು.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ನೀರೊಲೆಗೆ ಸೌದೆ ಒಟ್ಟುತ್ತಾ ಅವಳು ಹಂಡೆಯನ್ನೇ ನೋಡುತ್ತಾ ಕೂತಿದ್ದಳು. ನೀರು ಮಳಮಳ ಕುದಿಯುತ್ತಿತ್ತು. ಕೆಂಪಮ್ಮ, "ಸಾಕು ಬಾರೇ, ಸೌದೆ ಎಲ್ಲಾ ದಂಡ" ಎಂದು ಕೂಗಿದರೂ ಏಳಲಿಲ್ಲ. ಆಮೇಲೆ ಕೈಯಲ್ಲಿ ಊದುಗೊಳವೆ ಹಿಡಿದುಕೊಂಡೇ ನನ್ನ ಹತ್ತಿರ ಓಡಿ ಬಂದಳು.

"ತಾತ, ನಾವು ಕೆಂಗೇರಿ ಬಿಟ್ಟು ಬಂದ ದಿನ ನೆನಪಿದೆಯಾ?"

ನೆನಪಿಲ್ಲವೇ? ಬೆಳಕು ಹರಿಯುವ ಮೊದಲೇ ಶುರುಮಾಡಿ, ಕಣಜ ಬಿಚ್ಚಿ, ಅಟ್ಟ ಇಳಿಸಿ, ನೇಗಿಲು ನೊಗ ತಮ್ಮನಿಗೆ ಒಪ್ಪಿಸಿ, ಬೀಸುವ ಕಲ್ಲು ಕಿತ್ತು, ದೇವರ ಪಟ ಇಳಿಸಿ, ಮನೆಮನೆಗೆ ಹೋಗಿ ಹೇಳಿ ಬಂದದ್ದು.

"ಅವತ್ತು ಸಾಯಂಕಾಲದವರೆಗೂ ಎಲ್ಲರೂ ದುಡಿದ್ರು, ಅಲ್ವಾ? ಎಷ್ಟು ದೂರ ಬಂದಿದ್ವಿ ಆಗ?"

"ಎಲ್ಲಿ ಬಂದಿದ್ವಿ? ಹೊಸಿಲೇ ದಾಟಿರ್ಲಿಲ್ಲ."

"ಹಾಗಾದ್ರೆ ಅಷ್ಟು ದುಡಿಮೆ ಎಲ್ಲಿ ಹೋಯ್ತು?"

ನಾನು ಕೈಯಲ್ಲಿದ್ದ ಎಳೆಯನ್ನು ಕೆಳಗಿಟ್ಟೆ.

"ಬಿಡಿಸಿಕೊಳ್ಳೋಕೆ ಹೋಯ್ತು ತಾತ. ಆ ಮನೆಯಿಂದ ನಮ್ಮನ್ನ ಬಿಡಿಸೋಕೇ ಅಷ್ಟೂ ಖರ್ಚಾಯ್ತು. ನೀರೂ ಹಂಗೇ. ಒಂದನ್ನೊಂದು ಹಿಡ್ಕೊಂಡಿರುತ್ತೆ. ಕುದಿಯೋಕೆ ಶುರುವಾದ್ಮೇಲೆ ಹಾಕಿದ ಬೆಂಕಿಯೆಲ್ಲಾ ಬಿಸಿ ಮಾಡೋಕಲ್ಲ, ಬಿಡಿಸೋಕೆ. ಬಿಡಿಸಿಕೊಂಡಿದ್ದು ಹಬೆಯಾಗಿ ಹೋಗುತ್ತೆ. ಅದಕ್ಕೇ ಬಿಸಿ ಏರಲ್ಲ."

ಅವತ್ತು ಗಾಡಿ ಹೊರಟಾಗ ನಾನು ಹಿಂದಕ್ಕೆ ತಿರುಗಿ ನೋಡಿರಲಿಲ್ಲ. ಎಲ್ಲರೂ ನನ್ನನ್ನು ಗಟ್ಟಿ ಮನುಷ್ಯ ಎಂದಿದ್ದರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಇದ್ದದ್ದೆಲ್ಲ ಹಗಲಲ್ಲೇ ಖರ್ಚಾಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳಲು ನನಗೆ ಮಾತೂ ಇರಲಿಲ್ಲ. ಈ ಹುಡುಗಿ ಊದುಗೊಳವೆ ಹಿಡಿದುಕೊಂಡು ನಿಂತು ನನಗೆ ಅದನ್ನು ಹೇಳಿಕೊಟ್ಟಳು, ಫಿಸಿಕ್ಸು ಎಂದುಕೊಂಡು.

ನಾನು ಹೂಂ ಅಂದೆ. "ಇದು ನಿಜವಾದ ಹೂಂ ತಾನೆ?" ಎಂದು ಅವಳು ಬಗ್ಗಿ ನನ್ನ ಮುಖ ನೋಡಿದಳು. ನೋಡಿ ಮತ್ತೆ ಕೇಳಲಿಲ್ಲ.

ಪರೀಕ್ಷೆಯ ದಿನ ನನಗೆ ಹುರಿ ಹೊಸೆಯಲು ಆಗಲಿಲ್ಲ. ಬಸ್ಸು ಬರುವ ದಾರಿಯನ್ನೇ ನೋಡುತ್ತಾ ಕಟ್ಟೆಯ ಮೇಲೆ ಕೂತಿದ್ದೆ. ಅವಳು ಬಂದಳು. ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಹೋದಳು. ಕೆಂಪಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಳು. ರತ್ನ ಒಳಗಿಂದ ಹುರಿಯ ಸಿಂಬೆ ತಂದು ನನ್ನ ಪಕ್ಕ ಕೂತು, ಜಪಮಣಿ ಎಣಿಸುವವರ ಹಾಗೆ ಬೆರಳಲ್ಲಿ ತಡವುತ್ತಾ ಹೋಗಿ, ಆ ನಿಂಬೆಹಣ್ಣಿನ ಗಾತ್ರದ ಉಬ್ಬು ಸಿಕ್ಕಲ್ಲಿ ನಿಂತಳು.

"ತಾತ, ಇದು ಬಂದಿತ್ತು."

"ಮೊದಲನೇ ಪದ ನೆನಪಾಯ್ತಾ?"

"ಮೊದಲನೇ ಪದವೇ ಬೇಕಾಗ್ಲಿಲ್ಲ. ಕೆಂಗೇರಿ ಮನೆ ನೆನೆಸ್ಕೊಂಡೆ. ಇಂಗ್ಲಿಷಲ್ಲಿ ಬರೆದೆ."

ಫಲಿತಾಂಶ ಪೇಪರಿನಲ್ಲಿ ಬಂದ ದಿನ ರಾಮಣ್ಣ ಕಾರ್ಖಾನೆಯಿಂದ ಬೇಗನೆ ಬಂದ. ಬೆವತಿದ್ದ, ಕೈಯಲ್ಲಿ ಪೇಪರು ಒದ್ದೆಯಾಗಿತ್ತು. ಮಗಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ನೀನೂ ಪಾಸು" ಎಂದ. ಶಿವಗಂಗಮ್ಮ ಒಂದು ತಟ್ಟೆ ಬೆಣ್ಣೆ ದೋಸೆ ಮಾಡಿಕೊಂಡು ಬಂದು, "ನನ್ನ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ ಗೌಡ್ರ. ನಮ್ಮ ಮನಿಯಾಗೂ ಒಬ್ಬಾಕಿ ಮುಂದಿನ ವರ್ಷ ಕಾಲೇಜಿಗೆ ಹೊಂಟಾಳ. ಸಂಜಿ ಹೊತ್ತಿಗೆ ಒಂಚೂರು ನಿಮ್ಮ ಹೂಂ ಕಡ ಕೊಡ್ರಲ್ಲ" ಎಂದರು. ಕೊಡುತ್ತೇನೆ ಎಂದಿದ್ದೇನೆ. ಕತ್ತಾಳೆಯ ವಾಸನೆಗೆ ಇನ್ನು ಮೂಗು ಮುಚ್ಚಬಾರದು ಎಂಬ ಕರಾರಿನ ಮೇಲೆ.

ನಾನು ಯಾರಿಗೆ ಕೃತಜ್ಞನಾಗಿರಬೇಕು ಎಂದು ಕೂತು ಯೋಚಿಸಿದರೆ ಸಾಲು ಉದ್ದವಾಗುತ್ತದೆ. ಇನ್ನೊಂದು ಸಲ ಕೂರು ಎಂದ ಮಗನಿಗೆ. ಕೊಳೆತ ನಾರನ್ನು ಸಹಿಸಿದ ಸೊಸೆಗೆ. ಸುಳ್ಳು ಹೂಂಗೆ ಕಥೆ ನಿಲ್ಲಿಸಿದ ನಮ್ಮಜ್ಜಿಗೆ; ನನ್ನ ಮೇಲಿದ್ದ ಆ ರಾಜಕುಮಾರಿಯರ ಶಾಪವೆಲ್ಲ ತೀರಿತು. ಎಲ್ಲರಿಗಿಂತ ಹೆಚ್ಚಾಗಿ, ಒಂದು ಪುಸ್ತಕ ಮುಗಿಸಿ ಹೊಲಕ್ಕೆ ಹೋದವನ ಕೈ ಹಿಡಿದು, ಕಟ್ಟೆಯ ಮೇಲೆ ಕೂರಿಸಿಕೊಂಡೇ ಕಾಲೇಜಿಗೆ ಕರೆದುಕೊಂಡು ಹೋದವಳಿಗೆ. ಜನ ನನ್ನಿಂದ ಅವಳು ಪಾಸಾದಳು ಎನ್ನುತ್ತಾರೆ. ಅದು ಸುಳ್ಳು ಹೂಂ. ನಾನು ಮಾಡಿದ್ದು ತಿಳಿಯದೆ ಕೂತದ್ದು, ಅಷ್ಟೇ. ತಿಳಿಸಿದವಳು ಅವಳು.

ಇವತ್ತು ಬಿ.ಎಸ್ಸಿ. ತರಗತಿಯ ಮೊದಲ ದಿನ. ರಾಮಣ್ಣ ಕಾರ್ಖಾನೆಯ ಸ್ನೇಹಿತರೊಬ್ಬರಿಂದ ಅವಳಿಗೆ ಒಂದು ಹಳೆಯ ಲೇಡೀಸ್ ಸೈಕಲ್ ಕೊಡಿಸಿದ್ದಾನೆ. ಅದರ ಕ್ಯಾರಿಯರಿನ ಸ್ಪ್ರಿಂಗು ಸಡಿಲ, ಪುಸ್ತಕ ನಿಲ್ಲುವುದಿಲ್ಲ. ಅದಕ್ಕೆಂದೇ ನಾನು ಒಂದು ವಾರದಿಂದ ಹೊಸ ಹುರಿ ಹೊಸೆದಿದ್ದೆ. ಸಣ್ಣಗೆ, ನುಣ್ಣಗೆ, ಒಂದೇ ಒಂದು ಉಬ್ಬಿಲ್ಲದ್ದು. ಕೆಂಗೇರಿಯ ಕಾಲದ ಕೈ ಮರಳಿ ಬಂದಿತ್ತು. ಅವಳು ಅದನ್ನು ನೋಡಿದಳು, ಚೆನ್ನಾಗಿದೆ ಎಂದಳು, ಒಳಗೆ ಹೋಗಿ ಮೊಳೆಯ ಮೇಲಿದ್ದ ಹಳೆಯ ಸಿಂಬೆಯನ್ನು ತಂದಳು.

"ಅದು ಬೇಡ ಕಣೇ, ಕಾಲೇಜಲ್ಲಿ ನಗ್ತಾರೆ."

"ನುಣ್ಣಗಿರೋದು ಜಾರುತ್ತೆ ತಾತ. ಇದು ಗಂಟಿರೋ ಕಡೆ ಕಚ್ಕೊಳ್ಳುತ್ತೆ."

ಸುತ್ತಿದಳು, ಮತ್ತೆ ಸುತ್ತಿದಳು. ದೊಡ್ಡ ಉಬ್ಬನ್ನು ಕ್ಯಾರಿಯರಿನ ಕಂಬಿಗೆ ಸಿಕ್ಕಿಸಿ ಬಿಗಿದಳು. "ಪುಸ್ತಕ ಕಟ್ತೀಯೋ, ಹುಲ್ಲಿನ ಹೊರೆ ಕಟ್ತೀಯೋ" ಎಂದು ಕೆಂಪಮ್ಮ ಗೊಣಗಿದಳು. ಸೆರಗಿನ ತುದಿ ಕಣ್ಣಿನ ಹತ್ತಿರವೇ ಇತ್ತು. ರತ್ನ ಸೈಕಲ್ ಹತ್ತಿದಳು, ಸ್ವಲ್ಪ ಓಲಾಡಿದಳು, ಒಂದು ಕಾಲು ನೆಲಕ್ಕೂರಿ ನಿಂತು ಹಿಂತಿರುಗಿ ನೋಡಿದಳು.

"ತಾತ, ಈ ಸಲದ ಪುಸ್ತಕ ಇನ್ನೂ ದಪ್ಪ. ಸಾಯಂಕಾಲ ಕಟ್ಟೆ ಮೇಲೆ ಇರ್ತೀಯ ತಾನೆ?"

ಬಿ.ಎಸ್ಸಿ. ಮುಗಿಯಲು ಇನ್ನೂ ಎಷ್ಟೋ ಸಾಯಂಕಾಲ ಬೇಕು. ನನ್ನ ವಯಸ್ಸು ನನಗೆ ಗೊತ್ತು. ಅವಳಿಗೂ ಗೊತ್ತು, ಅದಕ್ಕೇ ಕೇಳಿದ್ದು. ಸುಳ್ಳು ಹೂಂ ಅನ್ನಬಾರದು ಎಂದು ಅವಳೇ ಕಲಿಸಿದ್ದಾಳೆ. ಹಿತ್ತಲ ತೊಟ್ಟಿಯಲ್ಲಿ ಹೊಸ ಕತ್ತಾಳೆ ಕೊಳೆಹಾಕಿ ಆಗಲೇ ಎರಡು ದಿನವಾಗಿತ್ತು.

ಹೂಂ ಅಂದೆ.